ಕನ್ನಡದ ಪುಟ ಕಣ್ಣಿಗೆ ಒಗ್ಗುವಂತೆ: ಬ್ರೌಸರ್‌ನಲ್ಲಿ ಫಾಂಟ್ ಬದಲಿಸುವ, ಪುಟ ಸರಳಗೊಳಿಸುವ ಕ್ರಮ

ಹೊಸೂರು–ರಾಯಕೋಟೆ ಮಾರ್ಗದ ಸಾನಮಾವು ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳಾಗಿರುವುದರಿಂದ, ಇಲ್ಲಿನ ಓದುಗರು ಬೆಂಗಳೂರಿನ ಕನ್ನಡ ಪತ್ರಿಕೆಯ ಜಾಲತಾಣ, ತಮಿಳುನಾಡು ಸರ್ಕಾರದ ಪಟ್ಟಾ–ಚಿಟ್ಟಾ ಪುಟ, ಗಡಿಯಾಚೆ ಜಮೀನಿದ್ದರೆ ಕರ್ನಾಟಕದ ‘ಭೂಮಿ’ಯ ಪಹಣಿ, ರಾಯಕೋಟೆಯ ಟೊಮೆಟೊ ಧಾರಣೆ, ಬನ್ನೇರುಘಟ್ಟ–ಜವಳಗಿರಿ ಕಡೆಯಿಂದ ಬಂದ ಆನೆಹಿಂಡು ಸಾನಮಾವು ಕಾಡಿನಲ್ಲಿ ಬೀಡುಬಿಟ್ಟ ಸುದ್ದಿ, ಇವೆಲ್ಲವನ್ನೂ ಒಂದೇ ಬ್ರೌಸರ್‌ನಲ್ಲಿ ತೆರೆಯುತ್ತಾರೆ. ಹೀಗೆ ತೆರೆದಾಗ ಕನ್ನಡದ ಅಕ್ಷರ ತೀರ ಚಿಕ್ಕದಾಗಿ ಕಾಣುವುದು, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವುದು, ಜಾಹೀರಾತುಗಳ ನಡುವೆ ಸುದ್ದಿಯ ಜಾಡು ತಪ್ಪುವುದು ಸಾಮಾನ್ಯ ದೂರು. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಹತ್ತನೆಯ ತರಗತಿಯವರೆಗೆ ತಮಿಳನ್ನು ಕಡ್ಡಾಯ ಪಾಠವಾಗಿಸಿದ ಮೇಲೆ, ಗಡಿಭಾಗದ ಕನ್ನಡ ಮನೆಗಳ ಮಕ್ಕಳಿಗೆ ಶಾಲೆಯ ಹೊರಗಿನ ಕನ್ನಡ ಓದು ಇನ್ನಷ್ಟು ಮುಖ್ಯವಾಗಿದೆ. ಆ ಓದಿನ ಬಹುಪಾಲು ಇಂದು ಪರದೆಯ ಮೇಲೆಯೇ ನಡೆಯುವುದರಿಂದ, ಪರದೆಯ ಕನ್ನಡ ಕಣ್ಣಿಗೆ ಹಿತವಾಗಿರಬೇಕಾದುದು ಅಲಂಕಾರದ ಮಾತಾಗಿ ಉಳಿದಿಲ್ಲ.

ಈ ತೊಂದರೆಗೆ ಪರಿಹಾರವಾಗಿ ಫಾಂಟ್ ಬದಲಿಸುವ ಹಾಗೂ ಪುಟವನ್ನು ಸರಳಗೊಳಿಸುವ ಎಕ್ಸ್‌ಟೆನ್ಷನ್‌ಗಳು, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶಗಳು, ಹೇರಳವಾಗಿ ದೊರೆಯುತ್ತವೆ. ಅವುಗಳಲ್ಲಿ ಹೆಚ್ಚಿನವು ಒಂದೇ ಲಿಪಿಯನ್ನು ಓದುವವರನ್ನು ಎದುರಿಗಿಟ್ಟುಕೊಂಡು ರೂಪುಗೊಂಡಿದ್ದು, ಪುಟದಲ್ಲಿರುವ ಎಲ್ಲ ಬರಹಕ್ಕೂ ಒಂದೇ ಫಾಂಟನ್ನು ಹೇರುತ್ತವೆ. ಹೊಸೂರು, ಕೃಷ್ಣಗಿರಿ ಭಾಗದ ಓದುಗರಿಗೆ ಈ ಕ್ರಮ ಹೊಂದುವುದಿಲ್ಲ. ಇಲ್ಲಿ ಬೇಕಾಗಿರುವುದು ಕನ್ನಡಕ್ಕೆ ಕನ್ನಡದ ಫಾಂಟ್ ಕೊಟ್ಟು, ತಮಿಳು ಮತ್ತು ತೆಲುಗನ್ನು ಅವುಗಳ ಪಾಡಿಗೆ ಬಿಡುವ, ಲಿಪಿವಾರು ಬದಲಾವಣೆ. ಮುಂದಿನ ಸೂಚನೆಗಳೆಲ್ಲ ಈ ನಿಲುವಿನಿಂದಲೇ ಹೊರಟಿವೆ.

ಮೊದಲು ದೋಷದ ಗುರುತು

‘ಕನ್ನಡ ಸರಿಯಾಗಿ ಕಾಣುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ. ಕಾರಣವನ್ನು ಗುರುತಿಸದೆ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಫಲ ಸಿಗುವುದಿಲ್ಲ.

ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ, ಆ ಯಂತ್ರದಲ್ಲಿ ಕನ್ನಡದ ಫಾಂಟೇ ಇಲ್ಲವೆಂದು ತಿಳಿಯಬೇಕು. ಇದಕ್ಕೆ ಫಾಂಟ್ ಸ್ಥಾಪನೆಯೊಂದೇ ಪರಿಹಾರ. ಅರ್ಥವಿಲ್ಲದ ರೋಮನ್ ಅಕ್ಷರಗಳೂ ಉಚ್ಚಾರಣಾ ಗುರುತುಗಳೂ ಬೆರೆತ ಸಾಲುಗಳು ಕಂಡರೆ, ಆ ಪುಟವನ್ನು ಯೂನಿಕೋಡ್‌ಗಿಂತ ಹಿಂದಿನ ಪದ್ಧತಿಯಲ್ಲಿ, ಅಂದರೆ ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಲಾಗಿದೆ ಎಂದರ್ಥ. ಆ ಪದ್ಧತಿಯಲ್ಲಿ ಕನ್ನಡದ ಆಕೃತಿಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಲಾಗುತ್ತಿತ್ತು. ಆದುದರಿಂದ ಅದೇ ಹಳೆಯ ಫಾಂಟ್ ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ, ಎಷ್ಟೇ ಒಳ್ಳೆಯ ಹೊಸ ಫಾಂಟ್ ಹಾಕಿದರೂ ಓದಲು ಬರುವುದಿಲ್ಲ. ಇಂಥ ಬರಹವನ್ನು ನಕಲಿಸಿಕೊಂಡು ಯೂನಿಕೋಡ್ ಪರಿವರ್ತಕಕ್ಕೆ ಕೊಡುವುದೇ ದಾರಿ. ಮೂರನೆಯದಾಗಿ, ಅಕ್ಷರಗಳು ಸರಿಯಾಗಿಯೇ ಇದ್ದು ಚಿಕ್ಕದಾಗಿ, ತೆಳ್ಳಗೆ, ಇಕ್ಕಟ್ಟಾಗಿ ಕಂಡರೆ ಅದು ವಿನ್ಯಾಸದ ದೋಷ. ಫಾಂಟ್ ಬದಲಿಸುವ ಎಕ್ಸ್‌ಟೆನ್ಷನ್ ನೆರವಾಗುವುದು ಈ ಮೂರನೆಯ ಸಂದರ್ಭದಲ್ಲಿ ಮಾತ್ರ.

ಓದುಗರಿಗಿರುವ ಅಧಿಕಾರ

ಪುಟದ ರೂಪವನ್ನು ಓದುಗರು ಬದಲಿಸಬಹುದೆಂಬ ತತ್ತ್ವ ಜಾಲದ ಮೂಲ ವ್ಯವಸ್ಥೆಯಲ್ಲೇ ಇದೆ. ಬರಹ ಒಂದು ಪದರವಾದರೆ, ಅದರ ಬಣ್ಣ, ಗಾತ್ರ, ಫಾಂಟ್, ಅಂತರಗಳನ್ನು ಹೇಳುವ ಶೈಲಿಯ ನಿಯಮಗಳು ಇನ್ನೊಂದು ಪದರ. ಈ ನಿಯಮಗಳ ಭಾಷೆಗೆ ಸಿಎಸ್‌ಎಸ್ ಎಂದು ಹೆಸರು. 1996ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯೇ ಪುಟ ಬರೆದವರ ನಿಯಮಗಳ ಜೊತೆಗೆ ಓದುವವರ ನಿಯಮಗಳಿಗೂ ಸ್ಥಾನ ಕೊಟ್ಟಿತ್ತು. 1998ರ ಎರಡನೆಯ ಆವೃತ್ತಿ ಇನ್ನೂ ಮುಂದೆ ಹೋಗಿ, ‘ಇಂಪಾರ್ಟೆಂಟ್’ ಎಂಬ ಗುರುತು ಹೊತ್ತ ನಿಯಮಗಳು ಎರಡೂ ಕಡೆ ಇದ್ದಲ್ಲಿ ಓದುಗರದೇ ಗೆಲ್ಲಬೇಕೆಂದು ವಿಧಿಸಿತು. ಓದುಗರು ತಮ್ಮ ನಿಯಮಗಳನ್ನು ಕಡತವೊಂದರಲ್ಲಿ ಬರೆದಿಡುವ ಸೌಲಭ್ಯವನ್ನು ಕ್ರೋಮ್ 2014ರಲ್ಲಿ ಕೈಬಿಟ್ಟ ಕಾರಣ, ಆ ಕೆಲಸ ಈಗ ಎಕ್ಸ್‌ಟೆನ್ಷನ್‌ಗಳ ಪಾಲಿಗೆ ಬಂದಿದೆ. ಪುಟ ತೆರೆದುಕೊಳ್ಳುವಾಗ ಎಕ್ಸ್‌ಟೆನ್ಷನ್ ತನ್ನ ನಿಯಮಗಳನ್ನು ಅದರೊಳಗೆ ಸೇರಿಸುತ್ತದೆ. ಜಾಲತಾಣದ ಮೂಲ ಪ್ರತಿಗೆ ಏನೂ ಆಗುವುದಿಲ್ಲ, ಬದಲಾಗುವುದು ಆ ಓದುಗರ ಪರದೆಯ ನೋಟವಷ್ಟೇ.

ಯೂನಿಕೋಡ್ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಕೊಟ್ಟಿರುವುದರಿಂದ ಲಿಪಿವಾರು ಬದಲಾವಣೆ ಸಾಧ್ಯವಾಗಿದೆ. ದಶಮಾನ ಲೆಕ್ಕದಲ್ಲಿ ತಮಿಳಿಗೆ 2944ರಿಂದ 3071, ತೆಲುಗಿಗೆ 3072ರಿಂದ 3199, ಕನ್ನಡಕ್ಕೆ 3200ರಿಂದ 3327, ಹೀಗೆ ತಲಾ 128 ಸ್ಥಾನಗಳು ಒಂದರ ಪಕ್ಕ ಒಂದಾಗಿ ಮೀಸಲಾಗಿವೆ. ಹೊಸೂರಿನ ಮೂರು ಭಾಷೆಗಳು ಯೂನಿಕೋಡ್‌ನಲ್ಲಿಯೂ ನೆರೆಹೊರೆಯಲ್ಲೇ ಇದ್ದು, ಅವುಗಳ ನಡುವಿನ ಗಡಿ ಸ್ಪಷ್ಟವಾಗಿದೆ. ‘3200ರಿಂದ 3327ರವರೆಗಿನ ಅಕ್ಷರಗಳಿಗೆ ಮಾತ್ರ ಈ ಫಾಂಟ್’ ಎಂದು ಹೇಳಿದರೆ ಬ್ರೌಸರ್ ಅದನ್ನು ಚಾಚೂ ತಪ್ಪದೆ ಪಾಲಿಸುತ್ತದೆ.

ಕನ್ನಡಕ್ಕೆ ಎಂಥ ಫಾಂಟ್ ಹಿತ

ವಿಂಡೋಸ್‌ನಲ್ಲಿ ಕನ್ನಡಕ್ಕೆ ಮೊದಲು ನೆಲೆ ಸಿಕ್ಕಿದ್ದು 2001ರ ಎಕ್ಸ್‌ಪಿ ಆವೃತ್ತಿಯೊಂದಿಗೆ ಬಂದ ತುಂಗಾ ಫಾಂಟಿನಿಂದ. 2012ರ ವಿಂಡೋಸ್ 8ರಿಂದ ಆ ಸ್ಥಾನವನ್ನು, ಭಾರತದ ಹಲವು ಲಿಪಿಗಳನ್ನು ಒಂದರಲ್ಲೇ ಹೊತ್ತ ನಿರ್ಮಲಾ ಯುಐ ವಹಿಸಿಕೊಂಡಿದೆ. ಮ್ಯಾಕ್‌ನಲ್ಲಿ ಕನ್ನಡ ಸಂಗಮ್, ಲಿನಕ್ಸ್‌ನಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು ದೊರೆಯುತ್ತವೆ. ಗೂಗಲ್ ಫಾಂಟ್ಸ್ ತಾಣದಲ್ಲಿ ಉಚಿತವಾಗಿರುವ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ಟೈರೊ ಕನ್ನಡ ಇವುಗಳಲ್ಲಿ ದೀರ್ಘ ಓದಿಗೆ ನೋಟೊ ಜೋಡಿ ಹೆಚ್ಚು ನಂಬಿಕೆಗೆ ಅರ್ಹ: ಗೆರೆ ಒಂದೇ ಹದದ ಸಾನ್ಸ್ ಸಣ್ಣ ಗಾತ್ರದಲ್ಲಿಯೂ ಸ್ಪಷ್ಟವಾಗಿರುತ್ತದೆ, ಗೆರೆಯಲ್ಲಿ ದಪ್ಪ–ತೆಳುವಿನ ಏರಿಳಿತವಿರುವ ಸೆರಿಫ್ ಮುದ್ರಿತ ಪುಸ್ತಕಕ್ಕೆ ಹತ್ತಿರವಾಗಿದ್ದು ಕತೆ, ಪ್ರಬಂಧಗಳಿಗೆ ಒಗ್ಗುತ್ತದೆ.

ಫಾಂಟನ್ನು ಹೆಸರು ನೋಡಿ ಆರಿಸದೆ, ಕನ್ನಡದ ಕಠಿಣ ಜಾಗಗಳಲ್ಲಿ ಪರೀಕ್ಷಿಸಿ ಆರಿಸಬೇಕು. ದ–ಧ–ಥ, ಪ–ಫ–ಷ, ಬ–ಭ, ರ–ಠ ಇವುಗಳ ವ್ಯತ್ಯಾಸವೆಲ್ಲ ಒಂದು ಸೀಳು, ಒಂದು ಚುಕ್ಕೆ ಅಥವಾ ಒಂದು ಗೆರೆಯಲ್ಲಿದ್ದು, ಅಕ್ಷರ ಸಣ್ಣದಾದಷ್ಟೂ, ದಪ್ಪವಾದಷ್ಟೂ ಆ ಗುರುತು ಮಸುಕಾಗುತ್ತದೆ. ಎಳೆಯ ಓದುಗರೂ ವಯಸ್ಸಾದವರೂ ತಡವರಿಸುವುದು ಇಲ್ಲಿಯೇ. ‘ಶಾಸ್ತ್ರ’, ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ಕರ್ತೃ’, ‘ಹೊಟ್ಟೆಕಿಚ್ಚು’ ಎಂಬ ಪದಗಳನ್ನು ಬರೆದು ನೋಡಿದರೆ ಒತ್ತುಗಳ ಮೇಲೆ ಒತ್ತು ಎಷ್ಟು ಕೆಳಗಿಳಿಯುತ್ತದೆ, ಅರ್ಕಾವತ್ತು ಎಲ್ಲಿ ಕೂರುತ್ತದೆ ಎಂಬುದು ತಿಳಿಯುತ್ತದೆ. ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ವಿನ್ಯಾಸಗೊಳಿಸಿದ ಪುಟಗಳಲ್ಲಿ ಸಾಲಂತರ ಸಾಮಾನ್ಯವಾಗಿ ಅಕ್ಷರದ ಗಾತ್ರದ 1.4ರಿಂದ 1.5 ಪಟ್ಟು ಇರುತ್ತದೆ. ಕೆಳಕ್ಕೆ ಇಳಿಯುವ ಒತ್ತಕ್ಷರಗಳ ಕನ್ನಡಕ್ಕೆ ಅದು ಸಾಲದು. 1.7ರಿಂದ 1.9 ಪಟ್ಟು ಸಾಲಂತರ, 18ರಿಂದ 20 ಪಿಕ್ಸೆಲ್ ಗಾತ್ರ ಇಟ್ಟುಕೊಂಡರೆ ಹೆಚ್ಚಿನ ಪರದೆಗಳಲ್ಲಿ ಓದು ಸಲೀಸಾಗುತ್ತದೆ. ಸಾಲಂತರವೊಂದನ್ನು ಹಿಗ್ಗಿಸಿದರೆ ಫಾಂಟ್ ಬದಲಿಸುವ ಅಗತ್ಯವೇ ಬೀಳದ ಪುಟಗಳೂ ಸಾಕಷ್ಟಿವೆ.

ಎಕ್ಸ್‌ಟೆನ್ಷನ್ ಇಲ್ಲದೆಯೇ ಆಗುವ ಕೆಲಸ

ಫೈರ್‌ಫಾಕ್ಸ್ ಬ್ರೌಸರ್ ಲಿಪಿವಾರು ಫಾಂಟ್ ಆಯ್ಕೆಯನ್ನು ತನ್ನೊಳಗೇ ಇಟ್ಟುಕೊಂಡಿದ್ದು, ಮೂರು ಲಿಪಿಗಳ ನಡುವೆ ಓದುವವರಿಗೆ ಇದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ. ಅದರ ಹಂತಗಳು ಹೀಗಿವೆ:

1. ಬೇಕಾದ ಕನ್ನಡ ಫಾಂಟನ್ನು ಗೂಗಲ್ ಫಾಂಟ್ಸ್‌ನಿಂದ ಇಳಿಸಿಕೊಂಡು, ಗಂಟು ಬಿಚ್ಚಿ, ಫಾಂಟ್ ಕಡತದ ಮೇಲೆ ಬಲಗುಂಡಿ ಒತ್ತಿ ‘ಇನ್‌ಸ್ಟಾಲ್’ ಆರಿಸಬೇಕು. ನಂತರ ಬ್ರೌಸರನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು, ಇಲ್ಲವಾದರೆ ಹೊಸ ಫಾಂಟ್ ಪಟ್ಟಿಯಲ್ಲಿ ಕಾಣಿಸದಿರಬಹುದು.

2. ಫೈರ್‌ಫಾಕ್ಸ್‌ನ ‘ಸೆಟ್ಟಿಂಗ್ಸ್’ನಲ್ಲಿ ಫಾಂಟ್‌ಗಳ ಭಾಗಕ್ಕೆ ಹೋಗಿ ‘ಅಡ್ವಾನ್ಸ್‌ಡ್’ ಗುಂಡಿಯನ್ನು ಒತ್ತಬೇಕು.

3. ತೆರೆಯುವ ಪೆಟ್ಟಿಗೆಯ ಮೇಲ್ಭಾಗದ ‘ಫಾಂಟ್ಸ್ ಫಾರ್’ ಪಟ್ಟಿಯಲ್ಲಿ ಕನ್ನಡವನ್ನು ಆರಿಸಿ, ಸೆರಿಫ್, ಸಾನ್ಸ್ ಸೆರಿಫ್ ಸ್ಥಾನಗಳಿಗೆ ಸ್ಥಾಪಿಸಿಕೊಂಡ ಫಾಂಟ್‌ಗಳನ್ನು ಕೊಟ್ಟು, ಗಾತ್ರವನ್ನೂ ಕನಿಷ್ಠ ಗಾತ್ರವನ್ನೂ ನಿಗದಿಪಡಿಸಬೇಕು.

4. ಅದೇ ಪಟ್ಟಿಯಲ್ಲಿ ತಮಿಳು ಮತ್ತು ತೆಲುಗನ್ನು ಒಂದೊಂದಾಗಿ ಆರಿಸಿ, ಅವುಗಳಿಗೂ ತಕ್ಕ ಫಾಂಟ್ ಇದೆಯೇ ಎಂದು ನೋಡಿಕೊಳ್ಳಬೇಕು. ಮುಂದಿನ ಹಂತ ಎಲ್ಲ ಲಿಪಿಗಳಿಗೂ ಅನ್ವಯಿಸುವುದರಿಂದ ಇದನ್ನು ಬಿಡುವಂತಿಲ್ಲ.

5. ಜಾಲತಾಣಗಳು ತಮ್ಮದೇ ಫಾಂಟ್ ಬಳಸಲು ಅವಕಾಶ ಕೊಡುವ ಗುರುತನ್ನು ಮೊದಲು ಹಾಗೆಯೇ ಬಿಟ್ಟು ಕೆಲವು ದಿನ ಓದಿ ನೋಡಬೇಕು. ಆಗಲೂ ತೃಪ್ತಿಯಾಗದಿದ್ದರೆ ಮಾತ್ರ ಆ ಗುರುತನ್ನು ತೆಗೆಯಬೇಕು.

ಪುಟ ತನ್ನ ಭಾಷೆ ಕನ್ನಡವೆಂದು ಘೋಷಿಸಿಕೊಂಡಿದ್ದರೆ ಈ ಗಾತ್ರಗಳು ಅನ್ವಯವಾಗುತ್ತವೆ. ಒಳಗೆಲ್ಲ ಕನ್ನಡವಿದ್ದೂ ತನ್ನ ಭಾಷೆ ಇಂಗ್ಲಿಷ್ ಎಂದು ಹೇಳಿಕೊಳ್ಳುವ ಪುಟದಲ್ಲಿ ಫಾಂಟ್ ಬದಲಾದರೂ ಗಾತ್ರ ಬದಲಾಗದೆ ಉಳಿಯುತ್ತದೆ. ಅಂಥಲ್ಲಿ ಕಂಟ್ರೋಲ್ ಕೀಲಿ ಹಿಡಿದು ಕೂಡಿಸುವ ಚಿಹ್ನೆಯನ್ನು ಒತ್ತಿ ಪುಟವನ್ನೇ ಹಿಗ್ಗಿಸಿಕೊಳ್ಳುವುದು ಸುಲಭ. ಬ್ರೌಸರ್ ಆ ಹಿಗ್ಗನ್ನು ತಾಣವಾರು ನೆನಪಿಡುತ್ತದೆ.

ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿಯೂ ಫಾಂಟ್ ಮತ್ತು ಕನಿಷ್ಠ ಗಾತ್ರದ ಆಯ್ಕೆಗಳಿವೆ. ಅಲ್ಲಿ ಲಿಪಿವಾರು ಪಟ್ಟಿಯಿಲ್ಲ, ಆರಿಸಿದ ಫಾಂಟ್ ಅನ್ವಯವಾಗುವುದು ತನ್ನ ಫಾಂಟನ್ನು ತಾನೇ ಹೆಸರಿಸದ ಪುಟಗಳಿಗಷ್ಟೇ. ಇಂದಿನ ಬಹುತೇಕ ಪತ್ರಿಕೆಗಳ ತಾಣಗಳು ತಮ್ಮ ಫಾಂಟನ್ನು ಹೆಸರಿಸಿಯೇ ಇರುವುದರಿಂದ, ಕ್ರೋಮ್ ಬಳಸುವವರಿಗೆ ಎಕ್ಸ್‌ಟೆನ್ಷನ್ ಬೇಕಾಗುತ್ತದೆ. ಕನ್ನಡ ವಿಕಿಪೀಡಿಯದಂಥ ಕೆಲವು ತಾಣಗಳಲ್ಲಿ ಭಾಷೆಯ ಸಿದ್ಧತೆಗಳೊಳಗೇ ಫಾಂಟ್ ಆರಿಸುವ ಅವಕಾಶವಿದ್ದು, ಅದನ್ನು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಎಕ್ಸ್‌ಟೆನ್ಷನ್ ಬಳಸಿ ಕನ್ನಡವನ್ನಷ್ಟೇ ಬದಲಿಸುವುದು

ಒಂದು ಗುಂಡಿ ಒತ್ತಿದರೆ ಇಡೀ ಪುಟದ ಫಾಂಟ್ ಬದಲಿಸುವ ಸರಳ ಎಕ್ಸ್‌ಟೆನ್ಷನ್‌ಗಳಿಗಿಂತ, ಓದುಗರೇ ಬರೆದ ಶೈಲಿಯ ನಿಯಮಗಳನ್ನು ಪುಟಕ್ಕೆ ಸೇರಿಸುವ ಸ್ಟೈಲಸ್ ಎಂಬ ಮುಕ್ತ ತಂತ್ರಾಂಶ ಹೆಚ್ಚು ಉಪಯುಕ್ತ. ಸಿಎಸ್‌ಎಸ್ ಬಾರದವರು ಅದನ್ನು ಬಲ್ಲ ಒಬ್ಬರ ನೆರವಿನಿಂದ, ಕಾಲೇಜಿನಲ್ಲಿ ಕಂಪ್ಯೂಟರ್ ಓದುವ ಮನೆಯ ಹುಡುಗ ಹುಡುಗಿಯರಿಂದಲೂ ಆದೀತು, ಒಮ್ಮೆ ನಿಯಮ ಬರೆಸಿಕೊಂಡರೆ ಮತ್ತೆ ಮುಟ್ಟುವ ಅಗತ್ಯ ಬರುವುದಿಲ್ಲ. ಬರೆಯುವವರಿಗೆ ಹೇಳಬೇಕಾದ ವಿವರ ಇಷ್ಟು:

1. ಯಂತ್ರದಲ್ಲಿ ಸ್ಥಾಪಿತವಾಗಿರುವ ಕನ್ನಡ ಫಾಂಟನ್ನು ಮೂಲವಾಗಿಟ್ಟು, ಓದುಗರು ಇಟ್ಟುಕೊಂಡ ಒಂದು ಹೊಸ ಹೆಸರಿನಲ್ಲಿ ಫಾಂಟ್ ಕುಟುಂಬವನ್ನು ಘೋಷಿಸಬೇಕು. ಮೂಲ ಫಾಂಟಿನ ಇಂಗ್ಲಿಷ್ ಹೆಸರನ್ನು ಅಕ್ಷರವೂ ತೆರಪೂ ತಪ್ಪದಂತೆ ಬರೆಯಬೇಕು.

2. ಆ ಘೋಷಣೆಗೆ ಯೂನಿಕೋಡ್ ವ್ಯಾಪ್ತಿಯನ್ನು ಸೇರಿಸಬೇಕು: ಕನ್ನಡದ 3200ರಿಂದ 3327ರ ಜೊತೆಗೆ, ‘ಸಾಫ್ಟ್‌ವೇರ್’ನಂಥ ಪದಗಳಲ್ಲಿ ಒತ್ತಾಗದಂತೆ ತಡೆಯುವ ಮತ್ತು ‘ರ್‍ಯಾಂಕ್’ನಂಥವುಗಳಲ್ಲಿ ರಕಾರವನ್ನು ಉಳಿಸುವ ಕಾಣದ ಸಂಕೇತಗಳಾದ 8204, 8205, ಹಾಗೂ ಪದ್ಯಗಳಲ್ಲಿ ಬರುವ ದಂಡಗಳಾದ 2404, 2405. ನಿಯಮದಲ್ಲಿ ಈ ಸಂಖ್ಯೆಗಳನ್ನು ಷೋಡಶಮಾನಕ್ಕೆ, ಅಂದರೆ 16ರ ಆಧಾರದ ಲೆಕ್ಕಕ್ಕೆ, ಬದಲಿಸಿ ಬರೆಯಬೇಕು.

3. ಹೊಸ ಕುಟುಂಬವನ್ನು ಶೀರ್ಷಿಕೆ, ಪ್ಯಾರಾ, ಪಟ್ಟಿ, ಕೋಷ್ಟಕದ ಮನೆ ಇವಿಷ್ಟಕ್ಕೆ ‘ಇಂಪಾರ್ಟೆಂಟ್’ ಗುರುತಿನೊಂದಿಗೆ ಅನ್ವಯಿಸಿ, ಅದರ ಹಿಂದೆಯೇ ಸಾಮಾನ್ಯ ಸಾನ್ಸ್ ಸೆರಿಫ್ ಎಂದು ಬರೆದರೆ, ಇಂಗ್ಲಿಷ್, ತಮಿಳು, ತೆಲುಗು ಅಕ್ಷರಗಳಿಗೆ ಬ್ರೌಸರ್ ತನ್ನಲ್ಲಿರುವ ತಕ್ಕ ಫಾಂಟನ್ನು ಬಳಸಿಕೊಳ್ಳುತ್ತದೆ.

4. ಪ್ಯಾರಾಗಳಿಗೆ 1.8 ಪಟ್ಟು ಸಾಲಂತರ ಕೊಡಬೇಕು. ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಗೆ ಇಳಿಸಬೇಕು. ಇಂಗ್ಲಿಷಿನಲ್ಲಿ ಓದಿಗೆ ನೆರವಾಗುವ ಈ ಅಂತರ, ಕನ್ನಡದಲ್ಲಿ ಗುಣಿತದ ಚಿಹ್ನೆಯನ್ನೂ ಒತ್ತನ್ನೂ ಮೂಲಾಕ್ಷರದಿಂದ ದೂರ ಸರಿಸಿ ಪದವನ್ನು ಸಡಿಲಗೊಳಿಸಬಹುದು.

5. ನಿಯಮ ಎಲ್ಲ ತಾಣಗಳಿಗೆ ಅನ್ವಯವಾಗದಂತೆ, ನಿತ್ಯ ಓದುವ ಕನ್ನಡ ತಾಣಗಳ ಹೆಸರನ್ನಷ್ಟೇ ಪಟ್ಟಿ ಮಾಡಬೇಕು.

ಪುಟ ಸರಳಗೊಳಿಸುವ ಎರಡು ಬಗೆ

ಮೊದಲನೆಯದು ಓದಿನ ನೋಟ. 2009ರಲ್ಲಿ ಆರ್ಕ್90 ಎಂಬ ಸಂಸ್ಥೆ ಹೊರತಂದ ರೀಡಬಿಲಿಟಿ ಎಂಬ ಪುಟ್ಟ ಸಾಧನದಿಂದ ಜನಪ್ರಿಯವಾದ ಈ ವಿಧಾನ, 2010ರಲ್ಲಿ ಸಫಾರಿಯೊಳಗೆ, 2015ರಲ್ಲಿ ಫೈರ್‌ಫಾಕ್ಸ್‌ನೊಳಗೆ ಸೇರಿತು. ಎಡ್ಜ್ ಮತ್ತು ಕ್ರೋಮ್‌ಗಳಲ್ಲಿಯೂ ಈಗ ಇದೆ. ವಿಂಡೋಸ್‌ನ ಫೈರ್‌ಫಾಕ್ಸ್ ಮತ್ತು ಎಡ್ಜ್‌ಗಳಲ್ಲಿ ಎಫ್9 ಕೀಲಿ ಒತ್ತಿದರೆ ಪಟ್ಟಿಗಳು, ಜಾಹೀರಾತುಗಳು, ಪಕ್ಕದ ಕೊಂಡಿಗಳು ಮರೆಯಾಗಿ ಬರಹ ಮತ್ತು ಅದರ ಚಿತ್ರಗಳು ಉಳಿಯುತ್ತವೆ; ಗಾತ್ರ, ಸಾಲಂತರ, ಹಿನ್ನೆಲೆಯ ಬಣ್ಣಗಳನ್ನು ಅಲ್ಲಿಯೇ ಹೊಂದಿಸಿಕೊಳ್ಳಬಹುದು. ಫೈರ್‌ಫಾಕ್ಸ್‌ನಲ್ಲಿ ಕನ್ನಡಕ್ಕೆ ಮೊದಲೇ ಆರಿಸಿಟ್ಟ ಫಾಂಟ್ ಈ ನೋಟದಲ್ಲಿಯೂ ಮುಂದುವರಿಯುತ್ತದೆಯಾದ್ದರಿಂದ, ಈ ಎರಡರ ಜೋಡಿ ಹೆಚ್ಚಿನ ಓದುಗರಿಗೆ ಸಾಕಾಗುತ್ತದೆ.

ಈ ನೋಟ ಕೆಲವು ಪುಟಗಳಲ್ಲಿ ಏಕೆ ಸಿಗುವುದಿಲ್ಲವೆಂಬುದು ಅದರ ಕೆಲಸದ ರೀತಿಯಿಂದ ತಿಳಿಯುತ್ತದೆ. ಬ್ರೌಸರ್ ಪುಟದ ಪ್ರತಿಯೊಂದು ಭಾಗವನ್ನೂ ತೂಗಿ, ಬರಹ ಉದ್ದವಾಗಿದ್ದಷ್ಟೂ, ಅಲ್ಪವಿರಾಮಗಳು ಹೆಚ್ಚಿದ್ದಷ್ಟೂ ಆ ಭಾಗಕ್ಕೆ ಹೆಚ್ಚು ಅಂಕ ಕೊಡುತ್ತದೆ. ಕೊಂಡಿಗಳೇ ತುಂಬಿದ ಭಾಗದ ಅಂಕವನ್ನು ಕಡಿತಗೊಳಿಸುತ್ತದೆ. ಆದುದರಿಂದ ಉದ್ದನೆಯ ಲೇಖನ ಚೆನ್ನಾಗಿ ಹಿಡಿತಕ್ಕೆ ಸಿಕ್ಕುತ್ತದೆ, ಶೀರ್ಷಿಕೆಗಳ ಪಟ್ಟಿಯಾಗಿರುವ ಮುಖಪುಟ ಸಿಕ್ಕುವುದಿಲ್ಲ. ಟೊಮೆಟೊ, ಕೋಸು, ಗುಲಾಬಿಗಳ ಧಾರಣೆಯ ಕೋಷ್ಟಕವಿರುವ ಪುಟವನ್ನು ಈ ನೋಟದಲ್ಲಿ ಓದಿದರೆ ಕೋಷ್ಟಕದ ಒಂದು ಭಾಗವೇ ಕಾಣೆಯಾಗುವ ಸಂಭವವಿದ್ದು, ಬೆಲೆ ನೋಡಿ ವ್ಯವಹಾರ ಮಾಡುವ ರೈತರು ಅಂಥ ಪುಟಗಳನ್ನು ಮೂಲ ರೂಪದಲ್ಲಿಯೇ ನೋಡಬೇಕು.

ಎರಡನೆಯ ಬಗೆಯಲ್ಲಿ ಪುಟದ ಬೇಡದ ಭಾಗಗಳನ್ನು ಓದುಗರೇ ಆರಿಸಿ ಮರೆಮಾಡುತ್ತಾರೆ. ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಷನ್‌ನಲ್ಲಿ ಇದಕ್ಕೆ ಎರಡು ಸಾಧನಗಳಿವೆ: ಮಿಂಚಿನ ಚಿಹ್ನೆಯದು ಆರಿಸಿದ ಭಾಗವನ್ನು ಪುಟ ಮತ್ತೆ ತೆರೆಯುವವರೆಗೆ ಮಾತ್ರ ಅಳಿಸುತ್ತದೆ, ಡ್ರಾಪರ್ ಚಿಹ್ನೆಯದು ಶಾಶ್ವತವಾದ ನಿಯಮವನ್ನು ಬರೆದಿಡುತ್ತದೆ. ಹೊಸಬರು ಮಿಂಚಿನ ಸಾಧನವನ್ನೇ ಬಳಸಿ ಕೈ ಪಳಗಿಸಿಕೊಳ್ಳುವುದು ಲೇಸು. ಕ್ರೋಮ್ ತನ್ನ ಎಕ್ಸ್‌ಟೆನ್ಷನ್ ವ್ಯವಸ್ಥೆಯನ್ನು ಬದಲಿಸಿದ ಬಳಿಕ ಅಲ್ಲಿ ಇದರ ಹಗುರ ರೂಪವಾದ ಯುಬ್ಲಾಕ್ ಒರಿಜಿನ್ ಲೈಟ್ ಉಳಿದಿದ್ದು, ಪೂರ್ಣ ರೂಪ ಫೈರ್‌ಫಾಕ್ಸ್‌ನಲ್ಲಿ ಮುಂದುವರಿದಿದೆ. ಇಲ್ಲೊಂದು ಮಾತನ್ನು ಹೇಳಲೇಬೇಕು: ಕನ್ನಡದ ಚಿಕ್ಕ ಜಾಲಪತ್ರಿಕೆಗಳಲ್ಲಿ ಹಲವು ಜಾಹೀರಾತಿನ ಅಲ್ಪ ಆದಾಯದಿಂದಲೇ ನಡೆಯುತ್ತಿವೆ. ಓದಿಗೆ ನಿಜವಾಗಿ ಅಡ್ಡಬರುವ ಭಾಗವನ್ನು ಮರೆಮಾಡಿ, ಪ್ರೀತಿಯಿಂದ ಓದುವ ತಾಣಗಳಿಗೆ ವಿನಾಯಿತಿ ಕೊಡುವುದು ಓದುಗರು ಸಲ್ಲಿಸಬೇಕಾದ ನ್ಯಾಯ.

ಮೊಬೈಲ್‌ನಲ್ಲಿ

ಆಂಡ್ರಾಯ್ಡ್ ಫೋನ್‌ಗಳ ಕ್ರೋಮ್ ಎಕ್ಸ್‌ಟೆನ್ಷನ್‌ಗಳನ್ನು ಸ್ವೀಕರಿಸುವುದಿಲ್ಲ. ಸೆಟ್ಟಿಂಗ್ಸ್‌ನ ‘ಆಕ್ಸೆಸಿಬಿಲಿಟಿ’ ಭಾಗದಲ್ಲಿ ಅಕ್ಷರ ಹಿಗ್ಗಿಸುವ ಆಯ್ಕೆಯನ್ನು ಬಳಸಿಕೊಳ್ಳಬಹುದು. ಆಂಡ್ರಾಯ್ಡ್‌ನ ಫೈರ್‌ಫಾಕ್ಸ್ 2023ರ ಡಿಸೆಂಬರ್‌ನಿಂದ ಎಕ್ಸ್‌ಟೆನ್ಷನ್‌ಗಳಿಗೆ ವ್ಯಾಪಕವಾಗಿ ತೆರೆದುಕೊಂಡಿದೆ, ಐಫೋನ್‌ನ ಸಫಾರಿ 2021ರ ಐಒಎಸ್ 15ರಿಂದ ಅವಕಾಶ ಕೊಟ್ಟಿದೆ. ಆದರೂ ಫೋನಿನಲ್ಲಿ ಓದಿನ ನೋಟವೇ ಮೊದಲ ಆಯ್ಕೆಯಾಗಿರಬೇಕು; ಚಿಕ್ಕ ಪರದೆಯಲ್ಲಿ ನಿಯಮಗಳನ್ನು ಬರೆದು ತಿದ್ದುವುದು ಪ್ರಯಾಸದ ಕೆಲಸ.

ಎಚ್ಚರಿಕೆಗಳು

ಪುಟದ ಫಾಂಟ್ ಬದಲಿಸಬೇಕಾದರೆ ಎಕ್ಸ್‌ಟೆನ್ಷನ್‌ಗೆ ಆ ಪುಟದೊಳಗೆ ಕೈಹಾಕುವ ಅನುಮತಿ ಬೇಕು. ಸ್ಥಾಪಿಸುವಾಗ ‘ಎಲ್ಲ ಜಾಲತಾಣಗಳಲ್ಲಿರುವ ಮಾಹಿತಿಯನ್ನು ಓದುವ ಮತ್ತು ಬದಲಿಸುವ’ ಅನುಮತಿ ಕೇಳುವುದು ಇದಕ್ಕಾಗಿಯೇ. ಅದೇ ಅನುಮತಿಯಿಂದ ಬ್ಯಾಂಕಿನ ಪುಟವನ್ನೂ ಇ–ಅಂಚೆಯನ್ನೂ ಓದಲು ಸಾಧ್ಯವೆಂಬುದನ್ನು ಮರೆಯಬಾರದು. ಪುಟಗಳ ಶೈಲಿ ಬದಲಿಸಲು ಲಕ್ಷಾಂತರ ಜನ ಬಳಸುತ್ತಿದ್ದ ಸ್ಟೈಲಿಷ್ ಎಂಬ ಎಕ್ಸ್‌ಟೆನ್ಷನ್, ಮಾಲೀಕತ್ವ ಬದಲಾದ ನಂತರ ಬಳಕೆದಾರರು ಯಾವ ಪುಟಗಳಿಗೆ ಭೇಟಿ ಕೊಟ್ಟರೆಂಬ ವಿವರವನ್ನು ಹೊರಗೆ ಕಳುಹಿಸುತ್ತಿರುವುದು ಬಯಲಾಗಿ, 2018ರ ಜುಲೈನಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಅಂಗಡಿಗಳಿಂದ ತೆಗೆದುಹಾಕಲ್ಪಟ್ಟಿತು. ಮೇಲೆ ಸೂಚಿಸಿದ ಸ್ಟೈಲಸ್ ಅದರಿಂದ ಕವಲೊಡೆದು ಬೇರೆಯವರ ಕೈಯಲ್ಲಿ ಬೆಳೆದದ್ದು. ಹೆಸರುಗಳು ಹತ್ತಿರವಿರುವುದರಿಂದ ಸ್ಥಾಪಿಸುವಾಗ ಎಚ್ಚರ ಬೇಕು.

ಈ ಅಪಾಯವನ್ನು ತಗ್ಗಿಸಲು ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್‌ನ ವಿವರಗಳಿಗೆ ಹೋಗಿ, ಅದರ ಪ್ರವೇಶವನ್ನು ‘ಒತ್ತಿದಾಗ ಮಾತ್ರ’ ಅಥವಾ ‘ನಿರ್ದಿಷ್ಟ ತಾಣಗಳಲ್ಲಿ’ ಎಂಬುದಕ್ಕೆ ಇಳಿಸಬಹುದು. ಬ್ಯಾಂಕ್, ಪಟ್ಟಾ, ಪಹಣಿ, ಪರೀಕ್ಷೆಯ ಅರ್ಜಿಗಳಿಗೆ ಎಕ್ಸ್‌ಟೆನ್ಷನ್ ಇಲ್ಲದ ಬೇರೊಂದು ಪ್ರೊಫೈಲ್, ಅಂದರೆ ಅದೇ ಬ್ರೌಸರ್‌ನೊಳಗಿನ ಪ್ರತ್ಯೇಕ ಖಾತೆ, ಇಟ್ಟುಕೊಳ್ಳುವುದು ಇನ್ನೂ ಭದ್ರ. ಇ–ಸೇವೈ ಕೇಂದ್ರ, ಶಾಲೆ, ಗ್ರಂಥಾಲಯಗಳಂಥ ಹಲವರು ಬಳಸುವ ಯಂತ್ರಗಳಲ್ಲಿ ಎಕ್ಸ್‌ಟೆನ್ಷನ್ ಸ್ಥಾಪಿಸಲೇಬಾರದು. ಅಲ್ಲಿ ಫೈರ್‌ಫಾಕ್ಸ್‌ನ ಲಿಪಿವಾರು ಫಾಂಟ್ ಮತ್ತು ಓದಿನ ನೋಟ ಸಾಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಪುಟದ ಸಕಲ ಭಾಗಗಳಿಗೂ ಅನ್ವಯಿಸುವ ಒಂದೇ ನಿಯಮ ಬರೆಯುವುದು ಅತಿ ಸಾಮಾನ್ಯವಾದ ತಪ್ಪು. ಹುಡುಕುವ ಭೂತಗನ್ನಡಿ, ಮನೆಯ ಗುರುತು, ಬಾಣ ಮುಂತಾದ ಚಿಹ್ನೆಗಳನ್ನು ಹಲವು ತಾಣಗಳು ಚಿತ್ರವಾಗಿ ಇಡದೆ ಫಾಂಟ್ ಆಗಿಯೇ ಇಡುತ್ತವೆ. ಆ ಫಾಂಟ್ ಕಳಚಿಹೋದಾಗ ಚಿಹ್ನೆಯ ಜಾಗದಲ್ಲಿ ಖಾಲಿ ಚೌಕವೋ ‘ಸರ್ಚ್’, ‘ಮೆನು’ ಎಂಬ ಇಂಗ್ಲಿಷ್ ಪದವೋ ಬಂದು ಕೂರುತ್ತದೆ. ಹಳೆಯ ಪದ್ಧತಿಯ ಫಾಂಟ್‌ಗಳನ್ನೇ ನೆಚ್ಚಿಕೊಂಡಿರುವ ಕನ್ನಡ, ತಮಿಳು ಪುಟಗಳಾದರೆ ಇಂಥ ನಿಯಮದಿಂದ ಓದಲಾಗದಂತೆ ಪೂರ್ತಿ ಕೆಟ್ಟುಹೋಗುತ್ತವೆ.

ಕನ್ನಡ ಅಕ್ಷರಗಳೇ ಇಲ್ಲದ ಫಾಂಟನ್ನು ಆರಿಸಿ ಏನೂ ಬದಲಾಗಲಿಲ್ಲವೆಂದು ಬೇಸರಪಡುವುದು ಇನ್ನೊಂದು. ಓದಿನ ತೊಡಕಿರುವ ಮಕ್ಕಳಿಗೆಂದು ಶಿಫಾರಸಾಗುವ ಓಪನ್ ಡಿಸ್ಲೆಕ್ಸಿಕ್ ಫಾಂಟಿನಲ್ಲಿ ಕನ್ನಡವಿಲ್ಲ. ಅದನ್ನು ಹೇರುವ ಎಕ್ಸ್‌ಟೆನ್ಷನ್ ಹಾಕಿದರೆ ಇಂಗ್ಲಿಷ್ ಬದಲಾಗುತ್ತದೆ, ಕನ್ನಡ ಮೊದಲಿನಂತೆಯೇ ಉಳಿಯುತ್ತದೆ. ಅಂಥ ಮಕ್ಕಳಿಗೆ ಕನ್ನಡದಲ್ಲಿ ಅಗಲ ಕಿರಿದಾದ ಅಂಕಣ, ದೊಡ್ಡ ಗಾತ್ರ, ಹಿಗ್ಗಿದ ಸಾಲಂತರ ಇವನ್ನು ಒದಗಿಸುವುದು ಸೂಕ್ತ.

ತೆಳುವಾಗಿ ಕಾಣುವ ಬರಹವನ್ನೆಲ್ಲ ದಪ್ಪಗೊಳಿಸುವುದೂ ತಪ್ಪೇ. ಫಾಂಟಿನಲ್ಲಿ ದಪ್ಪ ರೂಪವಿಲ್ಲದಿದ್ದರೆ ಬ್ರೌಸರ್ ಗೆರೆಗಳನ್ನು ಕೃತಕವಾಗಿ ಉಬ್ಬಿಸುವುದರಿಂದ ಧ ಮತ್ತು ಥಗಳ ಒಳಭಾಗ ಮುಚ್ಚಿಕೊಳ್ಳುತ್ತದೆ. ನಡುಹದದ ರೂಪವಿರುವ ಫಾಂಟನ್ನು ಆರಿಸಿಕೊಳ್ಳುವುದು, ಬರಹದ ಬಣ್ಣವನ್ನು ಬೂದಿಯಿಂದ ಕಪ್ಪಿನ ಕಡೆಗೆ ಒಯ್ಯುವುದು ಇದಕ್ಕೆ ಸರಿಯಾದ ಉಪಾಯ. ಕನ್ನಡವನ್ನು ಓರೆಯಾಗಿಸುವ ಇಟಾಲಿಕ್ ರೂಪವನ್ನು ನಿಯಮದ ಮೂಲಕ ನೆಟ್ಟಗೆ ಮಾಡಿಕೊಂಡರೂ ಓದು ಹಗುರವಾಗುತ್ತದೆ.

ಒಂದೇ ಕೆಲಸಕ್ಕೆ ಎರಡು ಮೂರು ಎಕ್ಸ್‌ಟೆನ್ಷನ್‌ಗಳನ್ನು ಹಾಕಿಕೊಂಡರೆ ನಿಯಮಗಳು ಒಂದನ್ನೊಂದು ಅಳಿಸುತ್ತ ಪುಟ ನಿಧಾನವಾಗುತ್ತದೆ. ಪುಟ ಕೆಟ್ಟಿತೆಂದು ಕಂಡಾಗ ಎಲ್ಲವನ್ನೂ ನಿಲ್ಲಿಸಿ, ಒಂದೊಂದನ್ನೇ ಮತ್ತೆ ಚಾಲೂ ಮಾಡಿ ನೋಡಿದರೆ ದೋಷದ ಮೂಲ ಸಿಗುತ್ತದೆ. ಲಾಗಿನ್ ಗುಂಡಿ ಅಥವಾ ಒಟಿಪಿ ಬರೆಯುವ ಜಾಗ ಕಾಣದಿದ್ದರೆ, ಮರೆಮಾಡುವ ಎಕ್ಸ್‌ಟೆನ್ಷನ್‌ನ ‘ಮೈ ಫಿಲ್ಟರ್ಸ್’ ಪಟ್ಟಿಯಲ್ಲಿ ಆ ತಾಣದ ಹೆಸರಿರುವ ಸಾಲನ್ನು ಅಳಿಸಬೇಕು.

ಈ ಎಲ್ಲ ಕ್ರಮಗಳೂ ಒಬ್ಬ ಓದುಗರ ಒಂದು ಯಂತ್ರವನ್ನಷ್ಟೇ ಸರಿಪಡಿಸುತ್ತವೆ. ಆದುದರಿಂದ ಸಾಲಂತರ ಸಾಲದ, ಭಾಷೆಯನ್ನು ಇಂಗ್ಲಿಷ್ ಎಂದು ತಪ್ಪಾಗಿ ಘೋಷಿಸಿಕೊಂಡ, ಇನ್ನೂ ಹಳೆಯ ಫಾಂಟ್‌ಗಳಲ್ಲೇ ಉಳಿದಿರುವ ಕನ್ನಡದ ಪುಟ ಕಂಡಾಗ, ಓದುಗರು ಅದನ್ನು ತಮ್ಮ ಮಟ್ಟಿಗೆ ಸರಿಪಡಿಸಿಕೊಂಡು ಸುಮ್ಮನಾಗದೆ, ಆ ತಾಣದ ಸಂಪರ್ಕ ವಿಳಾಸಕ್ಕೆ ಪುಟದ ಕೊಂಡಿ ಮತ್ತು ದೋಷದ ವಿವರವನ್ನು ಎರಡು ಸಾಲಿನಲ್ಲಿ ಬರೆದು ಕಳುಹಿಸಬೇಕು. ತಾಣ ನಡೆಸುವವರು ಒಂದು ನಿಯಮವನ್ನು ತಿದ್ದಿದರೆ ಸಾನಮಾವಿನಿಂದ ತಾಳವಾಡಿಯವರೆಗೆ, ಕಾಸರಗೋಡಿನವರೆಗೆ ಅದೇ ಪುಟವನ್ನು ಓದುವ ಎಲ್ಲರ ಪರದೆಯೂ ಒಟ್ಟಿಗೆ ಸರಿಹೋಗುತ್ತದೆ.